ಭುಜ ಮುಟ್ಟು ಎಂದಿದ್ದವರು

ಮೊನ್ನೆ ಬೇಲಾಪುರದ ಆಫೀಸಿನಿಂದ ಠಾಕುರ್ಲಿಯ ಮನೆಗೆ ಬಂದು ಬಾಗಿಲು ತೆರೆದರೆ, ಉಕ್ಕಿ ಸೀದ ಹಾಲಿನ ವಾಸನೆ. ಓಡಿಹೋಗಿ ಗ್ಯಾಸ್ ಆರಿಸಿದೆ. ಹಾಲಿಟ್ಟ ಹನ್ನೆರಡು ವರ್ಷದ ಮಗಳು ಒಲೆಯಿಂದ ಎರಡು ಮಾರು ದೂರದಲ್ಲಿ ಕೂತು, ಲೋಕಲ್ ರೈಲಿನ ಒಂದೊಂದು ಕಿಟಕಿಯನ್ನೂ ಕಾಗದದ ಮೇಲೆ ಬಿಡಿಸುತ್ತಿದ್ದಳು. ಎರಡು ಸಲ ಕೂಗಿದರೂ ತಲೆಯೆತ್ತಲಿಲ್ಲ. "ಇಂಥ ಏಕಾಗ್ರತೆ ಒಂದು ಗಿಫ್ಟ್, ಮೇಡಂ" ಎಂದು ಅವಳ ಶಾಲೆಯ ಕೌನ್ಸೆಲರ್ ಹೋದ ವಾರವಷ್ಟೇ ನಗುತ್ತಾ ಹೇಳಿದ್ದರು. ಗಿಫ್ಟಂತೆ... ಸೀದ ಪಾತ್ರೆ ತಿಕ್ಕುತ್ತಾ ನನಗೆ ಫಾಲ್ ಆಂಟಿ ನೆನಪಾದರು.

ನಾನು ಬೆಳೆದ ಡೊಂಬಿವಲಿಯ ಚಾಳಿನ ಸಾಲುಮನೆಗಳಲ್ಲಿ ನಮ್ಮ ಗೋಡೆಗೆ ಹೊಂದಿಕೊಂಡ ಮನೆ ಅವರದು. ಉಡುಪಿ ಕಡೆಯವರು, ಗಂಡ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕ್ಯಾಂಟೀನಿನಲ್ಲಿ ಅಡುಗೆಯವರು, ಮನೆಯಲ್ಲಿ ವಯಸ್ಸಾದ ಅತ್ತೆ. ಸೀರೆಯ ಅಂಚಿಗೆ ಒಳಗಿನಿಂದ ಫಾಲ್ ಪಟ್ಟಿ ಹೊಲಿದುಕೊಡುವುದು ಇವರ ಕೆಲಸ. ಹೊಲಿಗೆ ಹೊರಗೆ ಕಂಡರೆ ಕೇಳಿ! ಕೂತರೆ ಮುಗಿಯಿತು, ಕುಕ್ಕರ್ ಕೂಗಲಿ, ಸೂರು ಕಳಚಿ ಬೀಳಲಿ, ಏಳುತ್ತಿರಲಿಲ್ಲ. "ದೇವರು ಕೊಟ್ಟ ವರ" ಎಂದು ಹೊಗಳುತ್ತಲೇ ಇಡೀ ಚಾಳು ಅವಸರದ ಸೀರೆಗಳನ್ನೆಲ್ಲ ಅವರ ಮಡಿಲಿಗೆ ಹಾಕುತ್ತಿತ್ತು.

ಒಲೆಯ ಮೇಲೆ ಏನಾದರೂ ಇಟ್ಟು ಹೊಲಿಯಲು ಕೂರುವ ಮೊದಲು ಅವರು ನನ್ನನ್ನು ಕರೆಯುತ್ತಿದ್ದರು. "ಕೂಗಿದ್ರೆ ನಂಗೆ ಕೇಳುದಿಲ್ಲ ಮಾರಾಯ್ತಿ. ಬಂದು ಭುಜ ಮುಟ್ಟು, ಆಯ್ತಾ?" ಮುಟ್ಟಿದರೆ, ನೀರಿನಲ್ಲಿ ಮುಳುಗಿ ಎದ್ದವರಂತೆ ಒಮ್ಮೆ ಉಸಿರೆಳೆದು ನಗುತ್ತಿದ್ದರು. ಹತ್ತು ವರ್ಷದ ನನಗೆ ಅದು ದೊಡ್ಡ ನೌಕರಿ.

ಚಿಕ್ಕಮ್ಮನ ಮದುವೆಯ ಹಿಂದಿನ ದಿನ ಅಮ್ಮ ಐದು ಸೀರೆ ಕೊಟ್ಟು ಬಂದು ನನಗೆ ತಾಕೀತು ಮಾಡಿದಳು: "ಇವತ್ತು ಅವರನ್ನು ಮುಟ್ಲಿಕ್ಕೆ ಹೋಗ್ಬೇಡ. ಎದ್ರೆ ಸೀರೆ ಆಗುದಿಲ್ಲ." ಮಧ್ಯಾಹ್ನ ಗೋಡೆಯಾಚೆಯಿಂದ ಅವರ ಅತ್ತೆ ಕರೆಯುವುದು ಕೇಳಿಸಿತು. ಒಮ್ಮೆ, ಮತ್ತೊಮ್ಮೆ... ಅವರ ಹೊಸ್ತಿಲವರೆಗೆ ಹೋದೆ. ಆಂಟಿಯ ಸೂಜಿ ಓಡುತ್ತಿತ್ತು. ಅಮ್ಮನ ಮಾತು ನೆನಪಾಗಿ ಹಿಂದಿರುಗಿದೆ.

ಅತ್ತೆ ಒಳಗೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಸಂಜೆ ಆಂಟಿಯ ಗಂಡ ಬಂದು ಎತ್ತುವವರೆಗೂ ಅಲ್ಲೇ ಇದ್ದರು. ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಸೀರೆ ಮಾತ್ರ ಐದೂ ಆಗಿದ್ದವು.

"ನಂಗೆ ಕೇಳ್ಲಿಲ್ಲ" ಎಂದು ಆಂಟಿ ಎಲ್ಲರ ಮುಂದೆಯೂ ಅತ್ತರು. ಯಾರೂ ನಂಬಲಿಲ್ಲ. ವರ ಎಂದಿದ್ದ ಬಾಯಿಗಳೇ ಬೇಕೆಂದೇ ಏಳಲಿಲ್ಲ ಎಂದವು. ನನ್ನನ್ನು ತಡೆದಿದ್ದನ್ನು ಅಮ್ಮ ಯಾರಿಗೂ ಹೇಳಲಿಲ್ಲ. ಗಂಡ ಅವರನ್ನು ಊರಿಗೆ ಬಿಟ್ಟು ಬರಲು ಹೊರಟ ಬೆಳಿಗ್ಗೆ, ಆಂಟಿ ನನ್ನ ಮುಂದೆ ನಿಂತು ಮೆಲ್ಲಗೆ ಕೇಳಿದರು: "ನೀನ್ಯಾಕೆ ಮುಟ್ಲಿಲ್ಲ ಮಗಾ?"

"ನಂಗೂ ಕೇಳ್ಲಿಲ್ಲ ಆಂಟಿ" ಎಂದೆ. ನನ್ನನ್ನು ಎಲ್ಲರೂ ನಂಬಿದರು.

ಆಮೇಲೆ ಅವರು ಏನಾದರೋ... ಆಗ ಕೇಳಲು ಧೈರ್ಯವಿರಲಿಲ್ಲ, ಈಗ ಕೇಳೋಣವೆಂದರೆ ಆ ಚಾಳೇ ಇಲ್ಲ.

ವರವೋ ಶಾಪವೋ ನನಗೆ ಗೊತ್ತಿಲ್ಲ. ಪಕ್ಕದಲ್ಲಿ ಮುಟ್ಟುವ ಕೈಯೊಂದು ಬೇಕು, ಅಷ್ಟೇ ಗೊತ್ತು. ನಾನೋ, ದಿನವಿಡೀ ಬೇಲಾಪುರದಲ್ಲಿರುವವಳು. ನಾಳೆ ಇವಳು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಹೀಗೇ ಮೈಮರೆತು ನಿಂತರೆ...?

ಪಾತ್ರೆ ಬಿಟ್ಟು ಹೋಗಿ ಮಗಳ ಭುಜ ಮುಟ್ಟಿದೆ. ಉಸಿರೆಳೆದು ತಲೆಯೆತ್ತಿದಳು. ನನ್ನ ಮುಖ ನೋಡಿ ಅವಳ ಕಣ್ಣು ತುಂಬಿತು.

"ಮಮ್ಮಾ, ಸಚ್ಚೀ... ಸುನಾಯೀ ನಹೀ ದಿಯಾ." ನಿಜಕ್ಕೂ ಕೇಳಿಸಲಿಲ್ಲವಂತೆ.

"ನಂಬ್ತೇನೆ ಮಗಾ" ಎಂದೆ. ಆ ಮಾತನ್ನು ನಾನು ಮೊದಲು ಹೇಳಬೇಕಾಗಿದ್ದದ್ದು ಅವಳಿಗಲ್ಲ.