ಕಾಗವಾಡದ ಗಾಡಿದಾರಿಗೆ ಬೇವಿನ ನೆರಳು

ಅಂದು ಬೆಳಿಗ್ಗೆ ಆರೂವರೆಗೆ ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ ನಾವು ಇಬ್ಬರಿದ್ದೆವು. ಒಬ್ಬ ನಾನು. ಇನ್ನೊಬ್ಬರು ನಿಪ್ಪಾಣಿಯಿಂದ ಮೊದಲ ಬಸ್ಸಿಗೆ ಬಂದಿಳಿದ, ತಲೆಗೆ ಮಫ್ಲರ್ ಸುತ್ತಿದ ಬಾಳಪ್ಪ ಮಾಸ್ತರರು. ಶಾಲೆಯಲ್ಲಿ ಚಿತ್ರಕಲೆ ಕಲಿಸಿದ್ದಕ್ಕಿಂತ ಹೆಚ್ಚು ಗಿಡ ಬೆಳೆಸಿದ ಮನುಷ್ಯ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ, ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಚಹಾದಂಗಡಿಯ ಒಲೆಯ ಮುಂದೆ ಕೈ ಕಾಯಿಸುತ್ತ ನಾನು ಅವರಿಗೆ ಶಾಂತಕ್ಕನ ಪತ್ರ ಓದಿ ಹೇಳಿದೆ.

ಶಾಂತಕ್ಕ ನನ್ನ ಹಿರಿಯಕ್ಕ, ಕೊಟ್ಟದ್ದು ಕಾಗವಾಡಕ್ಕೆ. ಎರಡು ವರ್ಷದ ಹಿಂದೆ ಮಿರಜಿನ ಡಾಕ್ಟರು ಅವಳಿಗೆ ಸಕ್ಕರೆ ಕಾಯಿಲೆ ಎಂದರು, ದಿನಕ್ಕೊಂದು ತಾಸು ನಡೆಯಲೇಬೇಕು ಎಂದರು. ನಡೆಯುವುದೆಲ್ಲಿ? ಡಾಂಬರು ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರು. ಒಂದು ದಿನ ಟ್ರೇಲರಿನ ಕಬ್ಬು ಅವಳ ಸೆರಗನ್ನೇ ಸವರಿಕೊಂಡು ಹೋಯಿತಂತೆ. ಆಗ ಅವಳಿಗೆ ನೆನಪಾದದ್ದು ಊರಿಂದ ಹಳ್ಳದ ತನಕ ಹೋಗುವ ಹಳೆಯ ಗಾಡಿದಾರಿ. ಡಾಂಬರು ಬಂದ ಮೇಲೆ ಗಾಡಿಗಳು ಅದನ್ನು ಬಿಟ್ಟಿದ್ದವು. ಆಚೆಯವನು ವರ್ಷಕ್ಕೊಂದು ಸಾಲು, ಈಚೆಯವನು ವರ್ಷಕ್ಕೊಂದು ಸಾಲು ಒಳಗೆ ಹಾಕಿಕೊಂಡು ಉತ್ತು, ಎರಡು ಗಾಡಿ ಎದುರುಬದುರು ಹಾಯುತ್ತಿದ್ದ ದಾರಿ ಒಂದು ಆಡು ಹಾಯುವಷ್ಟಾಗಿತ್ತು. ಶಾಂತಕ್ಕ ಓಣಿಯ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮನೆಮನೆಗೆ ಹೋಗಿ ಆ ಸಾಲುಗಳನ್ನು ತಿರುಗಿ ಬಿಡಿಸಿದ್ದಳು. ಹಿಂದಿನ ಸಂಕ್ರಾಂತಿಯ ಅರಿಷಿಣ-ಕುಂಕುಮಕ್ಕೆ ಬಂದವರಿಗೆ ಬಟ್ಟಲು, ಬಾಚಣಿಕೆ ಕೊಡುವ ಬದಲು ಒಂದೊಂದು ಬೇವಿನ ಸಸಿಯನ್ನೇ ವಾಣವೆಂದು ಉಡಿಯಲ್ಲಿಟ್ಟು, ದಾರಿಯ ಬದಿಗೆ ನೆಡಿಸಿದ್ದಳು. ಈಗ ಪತ್ರದಲ್ಲಿ ಹೀಗಿತ್ತು: "ದ್ರಾಕ್ಷಿ ತ್ವಾಟದ ತಾತ್ಯಾ ಹಳ್ಳದ ಕಡೀ ದಾರಿಗೆ ಮುಳ್ಳ ಹಚ್ಯಾನ. ಇಪ್ಪತ್ತು ಮಂದಿ ನಡೀತಿದ್ವಿ, ಆರು ಮಂದಿ ಉಳದೇವಿ. ಇನ್ನೊಂದ ತಿಂಗಳಿಗೆ ನಾ ಒಬ್ಬಾಕಿನ. ಮಾಸ್ತರನ್ನ ಕರಕೊಂಡು ಬಾ."

ಮಾಸ್ತರರು ಬಸಿಯಲ್ಲಿನ ಚಹಾ ಊದುತ್ತ, "ನಡೀರಿ, ನೋಡೂಣು. ಗಿಡದ ಜಗಳ ಅಂದ್ರ ಬಗೀಹರಿಯೂ ಜಗಳ," ಅಂದರು.

ರಾಯಬಾಗಕ್ಕೆ ಬಸ್ಸಿನ ಟಿಕೀಟು ಮೂರೂವರೆ ರೂಪಾಯಿ. ದಾರಿಯುದ್ದಕ್ಕೂ ಕಬ್ಬು ಕಡಿಯುವ ಗುಂಪುಗಳು, ಕಬ್ಬಿನ ಒಣಸೋಗೆಯ ರವದಿ ಸುಟ್ಟ ಹೊಗೆ. ರಾಯಬಾಗದ ಸ್ಟೇಷನ್ನು ಊರಿಂದ ದೂರ. ಟಾಂಗಾ ಹಿಡಿದು ಹೋಗಿ, ಮೀಟರ್ ಗೇಜಿನ ಪ್ಯಾಸೆಂಜರ್ ಗಾಡಿಗೆ ಒಂದು ತಾಸು ಕಾದೆವು. ಎದುರಿನ ಬಾಕಿನ ಮೇಲೆ ಪಾಲಬಾವಿಯ ಒಬ್ಬ ಕುರಿಯಜ್ಜ ಕಂಬಳಿ ಹೊದ್ದು ಕೂತಿದ್ದ. ನಮ್ಮ ಕೆಲಸ ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ.

"ಸುಮ್ಮನ ನಡ್ಯಾಕ ಒಂದ ದಾರಿ? ಏನೂ ಹೊರೂದಿಲ್ಲ, ಏನೂ ಕಾಯೂದಿಲ್ಲ?"

"ಏನೂ ಇಲ್ಲಜ್ಜಾ. ಹೋಗೂದು, ಬರೂದು."

"ಹಂಗಾರ ನಿಮ್ಮ ಅಕ್ಕನ್ನ ನನ್ನ ಕುರಿ ಹಿಂದ ಕಳಸ್ರಿ. ರೋಗ ಓಡಿ ಹೋಗ್ತೈತಿ, ಕುರಿ ಹಿಂದ ಅಕೀನೂ ಓಡ್ತಾಳ!"

ಗಾಡಿ ಬಂತು. ಕುಡಚಿ ದಾಟಿ ಕೃಷ್ಣೆಯ ಸೇತುವೆಯ ಮೇಲೆ ಅದು ಮೆಲ್ಲಗೆ ಗಡಗಡ ಹೊರಟಾಗ ಅಜ್ಜ ಎದ್ದು ನಿಂತು ನೀರಿಗೆ ಕೈ ಮುಗಿದ, ಕಂಬಳಿಯ ಗಂಟಿನಿಂದ ನಾಲ್ಕಾಣೆ ತೆಗೆದು ಕಿಟಕಿಯಿಂದ ಎಸೆದ. ಉಗಾರದ ಹತ್ತಿರ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ಡಬ್ಬಿಯ ತುಂಬ ಬಂತು. ಶೇಡಬಾಳದಲ್ಲಿ ಇಳಿದು ಟೆಂಪೋ ಹತ್ತಿದೆವು. ಕಾಗವಾಡ ಮುಟ್ಟಿದಾಗ ಹೊತ್ತು ಮಧ್ಯಾಹ್ನ ದಾಟಿತ್ತು.

"ಬಂದೇನೋ ತಮ್ಮಾ? ಬರ್ರಿ ಮಾಸ್ತರ. ಕಾಲ ತೊಳಕೋರಿ, ಮೊದಲ ಊಟ," ಎಂದಳು ಶಾಂತಕ್ಕ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಕೆನೆಮೊಸರು. ನಮ್ಮ ತಾಟಿಗೆ ಬೆಲ್ಲ ಇಟ್ಟಳು, ತನ್ನ ತಾಟಿಗೆ ಇಟ್ಟುಕೊಳ್ಳಲಿಲ್ಲ. ಅವಳ ಗಂಡ ಬಸಗೌಡ ಮಾವ ಒಂದು ತುತ್ತಿನ ನಡುವೆ ಮಾಸ್ತರರಿಗೆ ದೂರು ಹೇಳಿದ: "ಇಕೀ ಸಲುವಾಗಿ ಊರ ಗಂಡಸರೆಲ್ಲ ನನ್ನ ಬೈತಾರ್ರಿ. ಮುಂಜಾನೆದ್ದು ಹೆಂಡರು ಹಳ್ಳಕ್ಕ ಹೊಂಟ್ರ ಚಹಾ ಕಾಸಾವರು ಯಾರು ಅಂತ."

"ನೀವ ಕಾಸಾಕತ್ತೀರಲ್ಲ, ಅವರಿಗೂ ಕಲಸ್ರಿ," ಎಂದಳು ಶಾಂತಕ್ಕ.

ಮರುದಿನ ಎಂಟು ಗಂಟೆಗೆ ನಾವು ನಾಲ್ವರು ದಾರಿಗೆ ಇಳಿದೆವು. ನಮ್ಮಜ್ಜಿ ಹೇಳುತ್ತಿದ್ದಳು, ದಾರಿಗೂ ನಂಟಸ್ತನಕ್ಕೂ ಕಾಲಾಡಿಸದಿದ್ದರೆ ಹುಲ್ಲು ಬೆಳೆಯುತ್ತದೆ ಎಂದು. ಇಲ್ಲಿ ಹುಲ್ಲಿರಲಿಲ್ಲ, ವರ್ಷವಿಡೀ ಇಪ್ಪತ್ತು ಜೋಡಿ ಕಾಲು ತುಳಿದ ಮಣ್ಣು ನುಣ್ಣಗೆ, ಗಟ್ಟಿಯಾಗಿತ್ತು. ಎದುರಿಗೆ ಬಂದವರು ನಿಂತು ಮಾತಾಡಿಸಿದರು. ಒಬ್ಬಾಕೆ ಸೀತನಿ ಕೊಟ್ಟಳು, ಬಿಸಿ ಬಿಸಿ ಎಳೆ ಜೋಳ. ಒಂದೂವರೆ ಮೈಲು ಹೀಗೆ ಸಾಗಿ ಕೊನೆಯ ಭಾಗಕ್ಕೆ ಬಂದೆವು. ಅಲ್ಲಿ ದಾರಿ ನೆಟ್ಟಗೆ ಪೂರ್ವಕ್ಕೆ ಹೋಗುತ್ತದೆ. ಬಲಕ್ಕೆ ಬಸಗೌಡ ಮಾವನ ಮೊಣಕಾಲೆತ್ತರದ ಕಬ್ಬು, ಎಡಕ್ಕೆ ತಾತ್ಯಾನ ದ್ರಾಕ್ಷಿ ಚಪ್ಪರ. ಎಡ ಅಂಚಿನುದ್ದಕ್ಕೂ ಎದೆಮಟ್ಟದ ಬೇವಿನ ಸಸಿಗಳು. ನಡುವೆ ಜಾಲಿಮುಳ್ಳಿನ ರಾಶಿ.

ಮುಳ್ಳಿನಾಚೆ ತಾತ್ಯಾ ನಿಂತಿದ್ದ. ಬಿಳಿ ಟೊಪ್ಪಿಗೆ, ಅರವತ್ತರ ಆಚೆಯ ಗಟ್ಟಿ ಆಳು.

"ಯಾ, ಯಾ, ಬರ್ರಿ, ಪಾವ್ಣ್ಯಾರ ಬಂದಾರ! ಚಹಾ ಆಮ್ಯಾಲ. ಮೊದಲ ಇಲ್ಲಿ ನೋಡ್ರಿ," ಎಂದವನು ತನ್ನ ಚಪ್ಪರದ ಮೊದಲ ಸಾಲಿಗೆ ಬೆರಳು ಮಾಡಿದ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿದ್ದ. ಸಸಿಗಳ ತೆಳು ನೆರಳು ಓರೆಯಾಗಿ ಹೋಗಿ ಚಪ್ಪರದ ಕಂಬಗಳಿಗೆ ತಾಗಿತ್ತು. "ಕಾಯಿಗೆ ಸಿಹಿ ಇಳಿಯೂ ಹೊತ್ತು ಇದ. ಇವತ್ತ ಸಸಿ ಎದಿಮಟ, ಐದ ವರ್ಷಕ್ಕ ಎಷ್ಟಾಗ್ತಾವ? ನೆರಳ ಬಿದ್ದ ಬಳ್ಳ್ಯಾಗ ಹಣ್ಣ ಆಗೂದಿಲ್ಲ. ಮ್ಯಾಲ ಗಿಳಿ ಬಂದ ಸಂಸಾರ ಹೂಡ್ತಾವ."

"ಗಿಡಾ ದಾರ್ಯಾಗ ಅದಾವ ತಾತ್ಯಾ, ನಿಮ್ಮ ಹೊಲದಾಗಿಲ್ಲ," ಎಂದಳು ಶಾಂತಕ್ಕ.

"ಗಿಡಾ ದಾರ್ಯಾಗ ಅದಾವ ತಂಗೀ, ನೆರಳ ನನ್ನ ಹೊಲದಾಗ ಐತಿ. ದಾರಿಗೆ ಎರಡ ಬಾಜು ಇರ್ತಾವಲ್ಲ? ಆ ಬಾಜು ಯಾಕ ಹಚ್ಚಲಿಲ್ಲ?"

ಬಸಗೌಡ ಮಾವ ಚಪ್ಪಲಿಯ ತುದಿಯಿಂದ ಒಂದು ಹೆಂಟೆ ಪುಡಿ ಮಾಡತೊಡಗಿದ. ಶಾಂತಕ್ಕ ಸೆರಗು ಸರಿಮಾಡಿಕೊಂಡಳು.

"ನಾನ ಹೇಳಿದ್ದು," ಎಂದಳು. "ಬೇವಿನ ಬೇರು ನಮ್ಮ ಕಬ್ಬಿಗೆ ಬರ್ತಾವಂತ ಅಂಜಿ, ಎಲ್ಲಾರಿಗೂ ಆ ಕಡೆ ಹಚ್ಚ್ರಿ ಅಂದೆ. ನಮ್ಮದು ಉಳಸಾಕ ಹೋಗಿ ನಿಮ್ಮದರ ಮ್ಯಾಲ ಹಾಕೇನಿ. ತಪ್ಪ ನಂದು."

ತಾತ್ಯಾ ಜಗಳಕ್ಕೆ ತಯಾರಾಗಿ ಬಂದಿದ್ದ. ಈ ಮಾತಿಗೆ ತಯಾರಿರಲಿಲ್ಲ. ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಅಷ್ಟರಲ್ಲಿ ಮಾಸ್ತರರು ಕಬ್ಬಿನ ಅಂಚಿಗೆ ಹೋಗಿ ತಮ್ಮ ಕೋಲನ್ನು ನೆಟ್ಟಗೆ ಹಿಡಿದು ನಿಂತಿದ್ದರು. ಕೋಲಿನ ನೆರಳು ದಾರಿಯ ಮೇಲೆಯೇ ಮಲಗಿತು, ಚಪ್ಪರ ಮುಟ್ಟಲಿಲ್ಲ.

"ನೋಡ್ರಿ, ಗಿಡ ಈ ಬಾಜು ಇದ್ರ ನೆರಳ ನಡಿಯಾವರಿಗೆ," ಎಂದರು. "ಎತ್ತರ ಆದಂಗ ಟೊಂಗಿ ಸವರಕೋತ ಹೋದ್ರ ತಾತ್ಯಾನ ಬಳ್ಳಿಗೆ ಬಿಸಿಲು ತಪ್ಪೂದಿಲ್ಲ. ಬೇರಿನ ಕಾಟ ಮಾತ್ರ ಗೌಡ್ರಿಗೆ. ಎರಡ ಸಾಲು ಕಬ್ಬು ಬಿಡಬೇಕಾಗ್ತೈತಿ."

ಎಲ್ಲರ ಕಣ್ಣು ಮಾವನ ಮೇಲೆ. ಎರಡು ಸಾಲೆಂದರೆ ಹೊಲದ ಈ ತುದಿಯಿಂದ ಆ ತುದಿ, ವರ್ಷವರ್ಷವೂ ಹೋಗುವ ಬೆಳೆ. ಮಾವ ಕಬ್ಬಿನ ಸಾಲನ್ನು ಒಂದು ಸಲ ಕಣ್ಣಿನಿಂದಲೇ ಹಳ್ಳದ ತನಕ ಅಳೆದ.

"ಮನ್ಯಾಗ ಸಕ್ಕರಿ ಕಡಿಮಿ ಮಾಡ್ರಿ ಅಂತ ಡಾಕ್ಟರ ಹೇಳ್ಯಾನ," ಎಂದ. "ಎರಡ ಸಾಲಿನಷ್ಟು ಕಡಿಮಿ ಆತಂತ ತಿಳೀತೀನಿ. ಹಚ್ಚ್ರಿ."

ತಾತ್ಯಾ ಹೊಟ್ಟೆ ಹಿಡಿದು ನಕ್ಕ. ನಗು ನಿಂತ ಮೇಲೆ ಗಂಭೀರನಾಗಿ, "ಈಗ ಕೀಳಬ್ಯಾಡ್ರಿ, ಸಾಯ್ತಾವ. ಜೂನಿನಾಗ ಮಿರಗದ ಮಳಿ ಬರಲಿ," ಎಂದ. ಶಾಂತಕ್ಕ ಮುಳ್ಳಿಗೆ ಕೈ ಹಾಕಿದಳು. ಅವನು ಗದರಿದ: "ಏ, ನಕೋ, ಬ್ಯಾಡ! ಸಕ್ಕರಿ ರೋಗದವರಿಗೆ ಮುಳ್ಳ ಚುಚ್ಚಿದ್ರ ಗಾಯ ಮಾಯೂದಿಲ್ಲ, ಗೊತ್ತಿಲ್ಲೇನ? ನಾ ಹಾಕೇನಿ, ನಾನ ತಗೀತೀನಿ. ಸರೀರಿ ಹಿಂದ."

ಕೊಕ್ಕೆ ಕೋಲಿನಿಂದ ಒಂದೊಂದೇ ಟೊಂಗೆ ಎಳೆದು ಹಾಕಲು ಅವನಿಗೆ ಅರ್ಧ ತಾಸು ಹಿಡಿಯಿತು. ಮಾವನೂ ನಾನೂ ಕೈ ಹಚ್ಚಿದೆವು. ಶಾಂತಕ್ಕ ಮೊದಲು ಹಾಯ್ದಳು. ಹಿಂದೆ ನೋಡದೆ, ಕೈ ಬೀಸುತ್ತ, ಹಳ್ಳದ ತನಕ ಹೋಗಿ ಮುಖ ತೊಳೆದುಕೊಂಡು ಬಂದಳು.

ಮರುದಿನ ಕಾಗವಾಡ ಬಿಟ್ಟು ಐನಾಪುರದ ಪೇಟೆಯಲ್ಲಿ ಬೆಳಗಿನ ಚಹಾ ಕುಡಿದು, ಅಥಣಿಯ ಬಸ್ಸು ಹಿಡಿದು ಸುತ್ತು ಹಾಕಿಕೊಂಡು ಮನೆ ಸೇರಿದೆವು. ಅಥಣಿಯಲ್ಲಿ ಮಾಸ್ತರರು ಒಂದು ಜೋಡಿ ಚಪ್ಪಲಿ ಕೊಂಡರು. "ಇನ್ನ ಕಾಗವಾಡಕ್ಕ ಬರೂದು ಹೆಚ್ಚಾಗ್ತೈತಿ," ಎಂದರು.

ಆ ವರ್ಷ ಮಿರಗ ಹಿಡಿದ ನಾಲ್ಕನೆಯ ದಿನ ಹೆಣ್ಣುಮಕ್ಕಳು ಗುದ್ದಲಿ ಹಿಡಿದು ಹೋಗಿ, ಬೇವುಗಳನ್ನು ಮಣ್ಣಿನ ಸಮೇತ ಕಿತ್ತು ಕಬ್ಬಿನ ಬದಿಗೆ ನೆಟ್ಟರು. ಎರಡು ಒಣಗಿದವು. ಆ ಎರಡು ಕುಣಿಗಳಲ್ಲಿ ತಾತ್ಯಾನ ಹೆಂಡತಿ ಮಾಲನಬಾಯಿ ತನ್ನ ಹಿತ್ತಲಿನ ಹೊಂಗೆ ಸಸಿ ತಂದು ಹಚ್ಚಿ, ಮರುದಿನದಿಂದ ಶಾಂತಕ್ಕನ ಜೊತೆ ನಡೆಯತೊಡಗಿದಳು.