ದ್ಯಾವಮ್ಮ ನೋಡಿದ ಒದ್ದೆ ಹೆಜ್ಜೆ

ಹಳೇಬೀಡಿನ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಹದಿನೈದು ವರ್ಷ ದೋಸೆ ಹುಯ್ದವನು ನಾನು, ರೇವಣಸಿದ್ದಪ್ಪ. ಬೆಳಗಿನಿಂದ ನಿಂತೇ ಮಾಡುವ ಕೆಲಸ. ತೊಂಬತ್ತೇಳರ ಡಿಸೆಂಬರಿನಲ್ಲಿ ಸೈಕಲ್ಲಿನಿಂದ ಬಿದ್ದು ಎಡಗಾಲು ಮುರಿಯಿತು. ಎರಡು ತಿಂಗಳಾದ ಮೇಲೆ ಸಿಮೆಂಟ್ ಪಟ್ಟಿ ಬಿಚ್ಚಿ, ಮೂಳೆ ಕೂಡಿದೆ, ನಡೆಯಬಹುದು ಎಂದರು ಡಾಕ್ಟರು. ಆದರೆ ಕಾವಲಿಯ ಮುಂದೆ ಹತ್ತು ನಿಮಿಷ ನಿಂತರೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದುಬಿಟ್ಟರು ಮಾಲೀಕರು. ನನಗೆ ಬರುತ್ತಿದ್ದುದು ಅದೊಂದೇ ಕೆಲಸ.

ನನ್ನ ಹೆಂಡತಿ ಮುತ್ತಮ್ಮ ಬಸ್ತಿಹಳ್ಳಿಯ ದ್ಯಾವಮ್ಮನನ್ನು ಕರೆತಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ದ್ಯಾವಮ್ಮ ಬಾಣಂತಿಯರಿಗೆ, ಹಸುಗೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುವವಳು. ಮೀಸೆ ಬಂದ ಗಂಡಸಿಗೆ ಅವಳೇನು ಮಾಡಿಯಾಳು?

"ನಾಚ್ಕೆ ಯಾಕ್ಲಾ? ನೀನು ಹುಟ್ಟಿದಾಗ ಮೂರು ತಿಂಗ್ಳು ಈ ಕಾಲ್ನ ನೀವಿದೋಳು ನಾನೇಯ," ಎಂದಳು ಮುದುಕಿ. ನಾನು ಪಂಚೆ ಮೊಣಕಾಲಿಗೆ ಎತ್ತಿ ಕೂತೆ.

ಮೊದಲು ಎಬ್ಬಿಸಿ ನಿಲ್ಲಿಸಿದಳು. "ನೆಟ್ಟಗೆ ನಿಂತಿದೀಯೇನ್ಲಾ?"

"ಹೂಂ, ನೆಟ್ಟಗೇ ನಿಂತಿದೀನಿ."

ಕಾಲಿಗೆ ನೀರು ಹುಯ್ದು ಜಗುಲಿಯ ಮೇಲೆ ನಡೆಸಿದಳು. ಒದ್ದೆ ಹೆಜ್ಜೆಯಲ್ಲಿ ಬಲಗಾಲು ಪೂರ್ತಿ ಮೂಡಿತ್ತು, ಎಡಗಾಲಿನದು ಬರೀ ಬೆರಳು. ಭಾರವನ್ನೆಲ್ಲ ಬಲಗಡೆಗೆ ಹೇರಿ, ವಾಲಿ ನಿಂತು, ಅದನ್ನೇ ನೇರ ಅಂದುಕೊಂಡಿದ್ದೆ.

ದಿನಾ ಬೆಳಿಗ್ಗೆ ಬಿಸಿ ಹರಳೆಣ್ಣೆ. ನನ್ನ ಕಣ್ಣು ಮುಚ್ಚಿಸಿ ಕೂಸಿಗೆ ಕೇಳುವ ಹಾಗೆ ಕೇಳುತ್ತಿದ್ದಳು: "ಇದು ಯಾವ ಬೆರಳು? ಈ ಹಿಮ್ಮಡಿ ಯಾರ್ದು?" ಮೊದಲ ವಾರ ಕಿರುಬೆರಳು ಹಿಡಿದರೆ ನಡುಬೆರಳು ಎನ್ನುತ್ತಿದ್ದೆ. ಮುತ್ತಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದಳು, ನನಗೆ ಕೋಪ. ಉತ್ತರ ಸರಿಯಾಗುವವರೆಗೆ ಮುದುಕಿ ಬೆರಳು ಬಿಡುತ್ತಿರಲಿಲ್ಲ. ತಿಕ್ಕಿದ ಕೂಡಲೇ ನಿಲ್ಲಿಸಿ, ಹಿಮ್ಮಡಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, "ಇಲ್ಲಿಗೂ ಒಸಿ ಬಾರಪ್ಪ," ಅನ್ನುತ್ತಿದ್ದಳು.

ಮೂರನೇ ವಾರ ಒಂದು ದಿನ ಆ ಹಿಮ್ಮಡಿಗೆ ನೆಲ ತಣ್ಣಗೆ ತಾಗಿತು. ಅಷ್ಟು ದಿನ ಅಲ್ಲಿ ನೆಲವಿತ್ತೆಂಬುದೇ ನನಗೆ ಗೊತ್ತಿರಲಿಲ್ಲ.

ಯುಗಾದಿಗೆ ನಾಲ್ಕು ದಿನ ಮೊದಲು ಕಾವಲಿಯ ಮುಂದೆ ನಿಂತೆ. ಹನ್ನೊಂದರ ಹೊತ್ತಿಗೆ ದ್ಯಾವಮ್ಮ ಬಂದಳು. ಬೆಳಗಿನಿಂದ ಒಮ್ಮೆಯೂ ಕೂತಿರಲಿಲ್ಲ ನಾನು. ಬೆಣ್ಣೆ ಹಾಕಿದ ದೋಸೆ ಮುಂದೆ ಹಿಡಿದರೆ ಅವಳು ತಟ್ಟೆ ಮುಟ್ಟಲೇ ಇಲ್ಲ. ಬಗ್ಗಿ, ಪಾತ್ರೆ ತೊಳೆಯುವ ಕಡೆಯಿಂದ ನಾನು ನಡೆದುಬಂದ ಒದ್ದೆ ಹೆಜ್ಜೆಗಳನ್ನು ನೋಡಿದಳು. ಎರಡೂ ಪೂರ್ತಿ ಇದ್ದವು.

"ಈಗ ಕೊಡಪ್ಪ," ಎಂದಳು.

ಆ ಮುದುಕಿಯ ಋಣ ನಾನು ತೀರಿಸಲಾರೆ. ನನ್ನನ್ನು ಎರಡು ಸಲ ನಿಲ್ಲಿಸಿದ ಆ ಕೈಗೆ ತಟ್ಟೆ ಕೊಟ್ಟೆ. ಎರಡೂ ಹಿಮ್ಮಡಿ ನೆಲದ ಮೇಲೇ ಇದ್ದವು.