ಆಯುಧಪೂಜೆಯ ದಿನ ಮಡ್‌ಗಾರ್ಡು ಬಡಿದದ್ದು

ನಾನು ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದೆ. ಒರಳುಕಲ್ಲಿಗೆ ಬೆಳಿಗ್ಗೆ ನಾನೇ ಇಟ್ಟಿದ್ದ ಕುಂಕುಮ ಇನ್ನೂ ಹಸಿಯಾಗಿತ್ತು. ಗುಂಡು ತಿರುವಿದಂತೆಲ್ಲ ಬೆರಳಿಗೆ ಕೆಂಪು ಹತ್ತುತ್ತಿತ್ತು. ಬೀದಿಯಲ್ಲಿ ಬೂದುಗುಂಬಳಕಾಯಿ ಒಡೆದ ಸದ್ದಾಯಿತು. ಕಾರು ಹೊರಟ ಸದ್ದಾಯಿತು. ಅದರ ಹಿಂದೆಯೇ, ಖಾಲಿ ಡಬ್ಬ ನೆಲಕ್ಕೆ ಬಿದ್ದ ಹಾಗೆ ಇನ್ನೊಂದು ಸದ್ದು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಬಂದರು.

“ಅಯ್ಯೋ ದೇವುಡಾ! ಗಾಡಿ ಹೋಗಿ ಕಂಬಕ್ಕೆ ಗುದ್ದಿಬಿಡ್ತು ಕಣೇ! ನನ್ನ ಮಗನ ಅನ್ನ ಹೋಯ್ತು!”

ಆಗ ನಾವು ಮುಳಬಾಗಿಲಿನಲ್ಲಿದ್ದೆವು. ಎರಡನೇ ಮಹಾಯುದ್ಧದ ಕಾಲ. ನಮ್ಮವರು ಹುಣಸೆಹಣ್ಣಿನ ಮಂಡಿ ಸಾಹುಕಾರರೊಬ್ಬರ ಕಾರು ಓಡಿಸುತ್ತಿದ್ದರು. ಓಡಿಸುವವನ ಹೆಂಡತಿ ಆರತಿ ಎತ್ತಿದರೆ ಗಾಡಿಗೆ ಕ್ಷೇಮ ಎಂದು ಸಾಹುಕಾರರ ನಂಬಿಕೆ. ಹಾಗಾಗಿ ಪ್ರತಿ ಆಯುಧಪೂಜೆಗೂ ಕಾರು ನಮ್ಮ ಬಾಗಿಲಿಗೇ ಬರುತ್ತಿತ್ತು. ಆದರೆ ಆ ವರ್ಷ ಪೆಟ್ರೋಲು ಸರ್ಕಾರದ ಕೂಪನ್ನಿಗೂ ಸಿಗುವುದು ಕಷ್ಟವಾಗಿತ್ತು. “ನಿಂತಿರೋ ಗಾಡಿಗೆ ಡ್ರೈವರ್ ಯಾಕಯ್ಯಾ? ಇನ್ನೊಂದು ಗೀಟು ಬೀಳ್ಲಿ, ಗಾಲಿ ಬಿಚ್ಚಿ ಗಾಡೀನ ಕಲ್ಲಿನ ಮೇಲೆ ಏರಿಸಿ ನಿನ್ನನ್ನ ಮನೇಗೆ ಕಳಿಸ್ತೀನಿ” ಎಂದು ಸಾಹುಕಾರರು ಹಬ್ಬಕ್ಕೆ ಮುಂಚೆಯೇ ಹೇಳಿದ್ದರು. ಮರುದಿನ ವಿಜಯದಶಮಿ. ಬೆಳಿಗ್ಗೆ ಅವರನ್ನು ಕೋಲಾರಮ್ಮನ ದರ್ಶನಕ್ಕೆ ಕರೆದುಕೊಂಡು ಹೋಗಬೇಕಿತ್ತು.

ಕೈ ತೊಳೆದು ಬೀದಿಗೆ ಬಂದೆ. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಹಿಂದಿನ ಗಾಲಿಯ ಹಣ್ಣೊಂದು ಒಡೆಯಲಿಲ್ಲವೆಂದು “ಇನ್ನೊಂಚೂರು ಮುಂದಕ್ಕೆ ಬಾರೋ” ಎಂದು ಕೂಗಿದವರು ಅತ್ತೆಯೇ. ಮಗ ಬಂದ. ಎದುರುಮನೆಯವರು ದನ ಕಟ್ಟುವ ಕಲ್ಲುಕಂಬ ಎಲ್ಲಿಗೆ ಹೋಗಬೇಕು? ಮುಂದಿನ ಮಡ್‌ಗಾರ್ಡು ಒಂದು ದೊಡ್ಡ ಮುದ್ದೆ ಕೂರುವಷ್ಟು ಒಳಕ್ಕೆ ತಗ್ಗಿತ್ತು. ಪಕ್ಕದ ದೀಪದ ಗಾಜು ಮಾತ್ರ ಹಾಗೇ ಇತ್ತು. ಆ ಕಾಲದಲ್ಲಿ ಅಂಥ ಗಾಜು ಬೆಂಗಳೂರಿನಲ್ಲೂ ಸಿಗುತ್ತಿರಲಿಲ್ಲ. ತಾಯಿ, ಗಾಜು ಉಳಿಸಿದೆ, ಯಾರ ಕಾಲೂ ಸಿಕ್ಕಿಸಲಿಲ್ಲ ಎಂದು ಅಲ್ಲೇ ದೇವಿಗೆ ಕೈ ಮುಗಿದೆ.

“ನಿನಗೆ ಕೈ ಮುಗಿಯೋ ಹೊತ್ತಾ ಇದು?” ಎಂದರು ನಮ್ಮವರು. ಮುಖ ಸುಣ್ಣವಾಗಿತ್ತು.

“ಮತ್ತೆ ಯಾವಾಗ ಮುಗೀಲಿ? ಹೋಗಿ ಆಚಾರ್ರನ್ನ ಕರ್ಕೊಂಡು ಬನ್ನಿ.”

ಕುಲುಮೆಯ ಆಚಾರರು ಬಂದರು, ಆದರೆ ಮಡಿಪಂಚೆ ಉಟ್ಟು, ಬರಿಗೈಯಲ್ಲಿ. ಬಗ್ಗಿ ನೋಡಿದರು. ಹಣೆಯ ವಿಭೂತಿ ಅಳಿಸದ ಹಾಗೆ ಬೆವರು ಒತ್ತಿಕೊಂಡರು.

“ಸುತ್ತಿಗೆ ಮುಟ್ಟೋ ಹಂಗಿಲ್ಲ ಕಣಮ್ಮಾ. ಹೂ ಮುಡಿಸಿ ಕೂರ್ಸಿದೀನಿ. ನಾಳೆ ಮಂಗಳಾರತಿ ಆಗ್ಲಿ, ಬರ್ತೀನಿ.”

“ನಾಳೆ ಹೊತ್ತು ಮೂಡೋಷ್ಟರಲ್ಲಿ ಗಾಡಿ ಹೊರಡಬೇಕಲ್ಲ, ಆಚಾರ್ರೇ.”

“ಅದಕ್ಕೆ ನಾನೇನ್ ಮಾಡ್ಲಿ? ಇವತ್ತು ನಾನು ಎತ್ತಿದ್ರೆ ವರ್ಷವೆಲ್ಲ ಕೈ ಬೀಳುತ್ತೆ.”

ಅವರದು ತಪ್ಪಲ್ಲ. ನಮ್ಮ ನಡುಮನೆಯಲ್ಲೂ ಕಾರಿನ ಸ್ಪ್ಯಾನರು, ಜಾಕು ಎಲ್ಲ ಚೆಂಡುಹೂವಿನ ಕೆಳಗೆ ಮಲಗಿದ್ದವು. ಮಡ್‌ಗಾರ್ಡು ಬಿಚ್ಚುವ ಮಾತೂ ಇರಲಿಲ್ಲ. ನಮ್ಮವರು ಜಗಲಿಯ ಮೇಲೆ ಕುಸಿದು ಕೂತರು.

ನಾನು ಒಳಗೆ ಹೋದೆ. ಹೋದವಳ ಕಣ್ಣು ಒರಳಿನ ಮೇಲೆ ಬಿತ್ತು. ಅದಕ್ಕೂ ಕುಂಕುಮ ಇಟ್ಟಿದೆ, ಹೂ ಏರಿಸಿದೆ. ಈಳಿಗೆಮಣೆಗೂ ಇಟ್ಟಿದೆ, ಒನಕೆಗೂ ಇಟ್ಟಿದೆ. ಇಟ್ಟ ಮರುಗಳಿಗೆಯೇ ಎಲ್ಲವನ್ನೂ ದುಡಿಮೆಗೆ ಹಚ್ಚಿದ್ದೇವೆ. ಗಂಡಸರ ಆಯುಧಕ್ಕೆ ಹಬ್ಬವೆಂದರೆ ವಿಶ್ರಾಂತಿ. ನಮ್ಮ ಆಯುಧಕ್ಕೆ ಹಬ್ಬವೆಂದರೆ ದುಪ್ಪಟ್ಟು ಕೆಲಸ. ಅದುವರೆಗೂ ನನಗಿದು ಹೊಳೆದೇ ಇರಲಿಲ್ಲ. ಹೊಳೆದ ಮೇಲೆ ಸುಮ್ಮನಿರಲೂ ಆಗಲಿಲ್ಲ.

ಬಾಣಂತಿ ಮದ್ದು ಅರೆಯುವ ಚಿಕ್ಕ ಗುಂಡುಕಲ್ಲು, ಮುದ್ದೆ ತಿರುವುವ ಕೋಲು, ಅರ್ಧ ತುಂಬಿದ ರಾಗಿಚೀಲ, ಒಂದು ಚೊಂಬು ಬಿಸಿನೀರು ತೆಗೆದುಕೊಂಡು ಹೊರಟೆ. ಅತ್ತೆ ಹೊಸ್ತಿಲಲ್ಲಿ ಅಡ್ಡ ನಿಂತರು.

“ಏಮಮ್ಮಾ, ಬುದ್ಧಿ ಇದ್ಯಾ? ಪೂಜೆ ಆದ ಕಲ್ಲದು! ಇವತ್ತು ಎತ್ತಬಾರದು!”

“ಒರಳೂ ಪೂಜೆ ಆದದ್ದೇ ಅತ್ತೆ. ಅದರಲ್ಲಿ ಹೂರಣ ರುಬ್ಬು ಅಂದೋರು ಯಾರು?”

“ಅದು ಅಡುಗೆ!”

“ಇದೂ ಅಡುಗೇದೇ. ಈ ಕೆಲಸ ಆಗದಿದ್ರೆ ನಾಡಿದ್ದಿಂದ ಒಲೆ ಹತ್ತಲ್ಲ. ದೇವರಿಗೆ ನಾನು ಹೇಳ್ಕೋತೀನಿ. ನೀವು ದಾರಿ ಬಿಡಿ.”

ಅತ್ತೆಗೆ ನಾನು ಎದುರಾಡಿದ್ದು ಅದೇ ಮೊದಲು. ಅವರು ದಾರಿ ಬಿಟ್ಟರು. ಗೊಣಗುವುದನ್ನು ಮಾತ್ರ ಬಿಡಲಿಲ್ಲ.

ಈ ಕೆಲಸ ನನಗೆ ಹೊಸದಲ್ಲ. ನನ್ನ ತವರು ವಕ್ಕಲೇರಿ. ಅಲ್ಲಿ ತಾಮ್ರದ ಕೊಡ ಬಾವಿಕಟ್ಟೆಯ ಮೇಲೆ ಜಾರಿ ನೆಗ್ಗಿದರೆ ಕಂಚುಗಾರ ಬರುವವರೆಗೆ ಯಾರು ಕಾಯುತ್ತಾರೆ? ಅಮ್ಮ ಕೊಡದೊಳಗೆ ಕೈ ಬಿಟ್ಟು, ದುಂಡು ಕಲ್ಲಿನಿಂದ ಒಳಗಿನಿಂದಲೇ ತಟ್ಟಿ ಎತ್ತುತ್ತಿದ್ದಳು. ತಗಡಿಗೆ ಕೋಪ ತೋರಿಸಬಾರದು ಎನ್ನುತ್ತಿದ್ದಳು. ತಗ್ಗಿನ ನಡುವಿಗೆ ಹೊಡೆದರೆ ತಗಡು ಹಿಗ್ಗಿ ಉಬ್ಬುತ್ತದೆ. ಅಂಚಿನಿಂದ ಶುರುಮಾಡಿ, ಸುತ್ತುತ್ತ ಸುತ್ತುತ್ತ ಒಳಕ್ಕೆ ಬರಬೇಕು.

ಗಾಲಿಯ ಪಕ್ಕ ಚಾಪೆ ಹಾಸಿ ಕೂತೆ. ಮಡ್‌ಗಾರ್ಡಿನ ಅಡಿಯಲ್ಲಿ ಗಟ್ಟಿಯಾಗಿದ್ದ ಮಣ್ಣನ್ನು ಬಿಸಿನೀರು ಹಾಕಿ ತೊಳೆದೆ. ಹೊರಗಡೆಯಿಂದ ರಾಗಿಚೀಲ ಒತ್ತಿ ಹಿಡಿಯಿರೆಂದು ನಮ್ಮವರಿಗೆ ಹೇಳಿದೆ. ಗುಂಡುಕಲ್ಲಿಗೆ ಒದ್ದೆಬಟ್ಟೆ ಸುತ್ತಿ ಅಡಿಯಿಂದ ತಟ್ಟತೊಡಗಿದೆ. ಸಣ್ಣ ಸಣ್ಣ ಪೆಟ್ಟು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ನೋಡಲು ಬಂದವರಲ್ಲಿ ಒಬ್ಬಾಕೆ, “ಏನಕ್ಕಾ, ಕಾರಿಗೆ ಒಗ್ಗರಣೆಯಾ?” ಎಂದು ನಕ್ಕಳು.

“ಹೂಂ ಕಣೇ, ಎಲೆ ಹಾಕ್ಕೊಂಡು ಕೂತ್ಕೋ, ಬಡಿಸ್ತೀನಿ.”

ನಮ್ಮವರಿಗೆ ತಾಳ್ಮೆ ಕೆಟ್ಟಿತು. “ಹಿಂಗ್ ತಟ್ಟಿದ್ರೆ ದೀಪಾವಳಿ ಬರುತ್ತೆ, ಕೊಡಿಲ್ಲಿ” ಎಂದು ಕಲ್ಲು ಕಿತ್ತುಕೊಂಡು ನಡುವಿಗೇ ಒಂದು ಬಿಟ್ಟರು. ಹೊರಗಡೆ ಬೋರೆಹಣ್ಣಿನಷ್ಟು ಗುಬುಟು ಎದ್ದಿತು. ಅವರು ನನ್ನ ಮುಖ ನೋಡಿದರು. ನಾನು ಕೈ ಚಾಚಿದೆ. ಕಲ್ಲು ವಾಪಸು ಬಂತು. ಆಮೇಲೆ ಅವರು ಚೀಲ ಹಿಡಿದೇ ಇದ್ದರು.

ಬಿಸಿಲು ಇಳಿಯುವ ಹೊತ್ತಿಗೆ ತಗ್ಗು ಮೇಲಕ್ಕೆ ಬಂದಿತ್ತು. ಗುಬುಟಿನ ಅಡಿಗೆ ಕಲ್ಲು ಆನಿಸಿ ಹಿಡಿದು, ಹೊರಗಿನಿಂದ ಮುದ್ದೆ ಕೋಲಿನಲ್ಲಿ ಮೆಲ್ಲಗೆ ತಟ್ಟಿ ಕೂರಿಸಿದೆ. ಬಣ್ಣ ಎದ್ದಿದ್ದ ಕಡೆ ತುಕ್ಕು ಹಿಡಿಯದಿರಲೆಂದು ಜೇನುಮೇಣಕ್ಕೆ ದೀಪದ ಮಸಿ ಕಲಸಿ ತಿಕ್ಕಿದೆ. ಮೊದಲಿನ ಹಾಗೆ ಆಯಿತೆಂದು ಸುಳ್ಳು ಹೇಳಲಾರೆ. ಎದುರಿಗೆ ನಿಂತರೆ ನಯವಾಗಿ ಕಾಣುತ್ತಿತ್ತು. ಓರೆಯಾಗಿ ನೋಡಿದರೆ ಕೆರೆಯ ನೀರಿಗೆ ಗಾಳಿ ತಾಗಿದ ಹಾಗೆ ಒಂದೆರಡು ಅಲೆ ಇದ್ದವು.

“ಸಾಹುಕಾರ್ರಿಗೆ ಹೇಳೋದು ಬೇಡ, ಕಾಣಲ್ಲ” ಎಂದರು ನಮ್ಮವರು.

“ಹೇಳಿ. ನಾನು ಸರಿಮಾಡಿದ್ದು, ಮುಚ್ಚಿಟ್ಟಿಲ್ಲ” ಎಂದೆ.

ಹೇಳುವ ಮೊದಲೇ ಊರು ಹೇಳಿತ್ತು. ಬೆಳಿಗ್ಗೆ ಸಾಹುಕಾರರು ಹೆಂಡತಿಯನ್ನು ಕರೆದುಕೊಂಡು ನಮ್ಮ ಬೀದಿಗೇ ನಡೆದು ಬಂದರು. ಮಡ್‌ಗಾರ್ಡಿನ ಮೇಲೆ ಅಂಗೈ ಆಡಿಸಿದರು. ಅಲೆಯಿದ್ದ ಕಡೆ ಕೈ ನಿಂತಿತು.

“ಯಾರಯ್ಯಾ ಬಡಿದೋರು?”

ನಮ್ಮವರು ಬಾಗಿಲ ಕಡೆ ತಿರುಗಿದರು. ಬಾಗಿಲ ಹಿಂದಿದ್ದ ನಾನು ಸೆರಗು ಹೊದ್ದು ಹೊಸ್ತಿಲಿಗೆ ಬಂದೆ. ಅತ್ತೆ ಹಿಂದಿನಿಂದ ಸೀರೆ ಜಗ್ಗಿದರು.

“ನಾನು, ಸ್ವಾಮಿ.”

“ಹಬ್ಬದ ದಿನ, ಪೂಜೆ ಆದ ಗಾಡೀನ, ಮುದ್ದೆ ಕೋಲಲ್ಲಿ ಬಡಿದ್ಯೇನಮ್ಮಾ?”

“ಹೌದು. ತೊಳೆದೇ ತಂದಿದ್ದೆ. ನಿನ್ನೆ ನಿಮ್ಮನೇಲೂ ಒಲೆಗೆ ಕುಂಕುಮ ಇಟ್ಟಿರ್ತಾರೆ. ಇಟ್ಟು ಹಾಗೇ ಬಿಟ್ಟಿದ್ರೆ ಎಲೆ ಮೇಲೆ ಏನು ಬೀಳ್ತಿತ್ತು? ಅಮ್ಮೋರನ್ನೇ ಕೇಳಿ.”

ಸಾಹುಕಾರರ ಹೆಂಡತಿ ಸೆರಗಿನಲ್ಲಿ ನಗು ಅದುಮಿದರು. ನಾನು ನಿಲ್ಲಿಸಲಿಲ್ಲ. “ಇವರು ಬೇಕು ಅಂತ ಗುದ್ದಲಿಲ್ಲ. ಗುದ್ದಿದ್ದನ್ನ ಮನೇಲೇ ಸರಿ ಮಾಡಿದೀವಿ. ಗಾಡೀನ ಕಲ್ಲಿನ ಮೇಲೆ ಏರಿಸ್ತೀರೋ, ಕೋಲಾರಕ್ಕೆ ಹೋಗ್ತೀರೋ, ಈಗ್ಲೇ ಹೇಳಿಬಿಡಿ ಸ್ವಾಮಿ. ನಾವೂ ನಮ್ಮ ದಾರಿ ನೋಡ್ಕೋಬೇಕು.”

ಸಾಹುಕಾರರು ಮತ್ತೊಮ್ಮೆ ಕೈ ಆಡಿಸಿದರು. ಅವರ ಹೆಂಡತಿ ಕಾಯಲಿಲ್ಲ. ತಾವೇ ಬಾಗಿಲು ತೆಗೆದು ಹತ್ತಿ ಕೂತರು.

“ಬನ್ನೀಂದ್ರೆ, ಬಿಸಿಲೇರುತ್ತೆ. ಅಮ್ಮನ ಗುಡೀಲಿ ಇವತ್ತು ಜನವೋ ಜನ.”

ಸಾಹುಕಾರರು ನನ್ನ ಕಡೆ ನೋಡಲಿಲ್ಲ. “ತೆಗಿಯಯ್ಯಾ ಗಾಡೀನ” ಎಂದರು ನಮ್ಮವರಿಗೆ. “ಮುಂದಿನ ವಾರ ಶ್ರೀನಿವಾಸಪುರಕ್ಕೂ ಹೋಗೋದಿದೆ.”

ಮುಂದಿನ ವಾರ ಎಂದರು. ನನಗೆ ಅಷ್ಟು ಸಾಕಾಗಿತ್ತು. ಕಾರು ತಿರುವು ದಾಟಿದ ಮೇಲೆ ಅತ್ತೆ, “ಬಾಯಿ ಜಾಸ್ತಿ ಆಯ್ತು ನಿಂದು” ಎಂದರು. ಆಗಿರಬಹುದು. ತಾಯಿ ಕೊಟ್ಟ ಬಾಯಿ, ಕಾಲಕ್ಕೆ ಒದಗಿತು ಎಂದುಕೊಂಡು, ದಂಟಿನ ಸೊಪ್ಪಿನ ಕಟ್ಟು ಮುಂದಿಟ್ಟುಕೊಂಡು ಬಿಡಿಸಲು ಕೂತೆ.